ಔದ್ಯೋಗಿಕ ಚಿಕಿತ್ಸೆಯ ತತ್ತ್ವ ಮತ್ತು ಕೌಶಲ: ಕಾಮಾಕ್ಷಿಪಾಳ್ಯದ ಕೈಗಳನ್ನು ಕುರಿತು ಒಂದು ವಿವೇಚನೆ

ಕುಂಬಾರಿಕೆ, ನೇಕಾರಿಕೆ, ಬಡಗಿತನ, ಬೇಸಾಯ ಮೊದಲಾದ ವೃತ್ತಿಗಳ ಪದಸಂಪತ್ತನ್ನು ಸಂಗ್ರಹಿಸುವ ಕಾರ್ಯ ಕನ್ನಡ ಅಧ್ಯಯನದ ಒಂದು ಮುಖ್ಯ ಶಾಖೆಯಾಗಿ ಬೆಳೆದಿದೆ. ಈ ಸಂಗ್ರಹಗಳ ಒಟ್ಟು ಸ್ವರೂಪವನ್ನು ಗಮನಿಸಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಉಪಕರಣಗಳ ಹೆಸರುಗಳಿಗೆ, ಆ ಉಪಕರಣಗಳ ಭಾಗಗಳ ಹೆಸರುಗಳಿಗೆ ದೊರೆತಿರುವ ಸ್ಥಾನ, ಅವನ್ನು ಹಿಡಿದ ಕೈಯ ಚಲನೆಗಳಿಗೆ ದೊರೆತಿಲ್ಲ. ಇದಕ್ಕೆ ಸಂಗ್ರಾಹಕರನ್ನು ದೂರಬೇಕಾಗಿಲ್ಲ. ಕೈ ಸ್ವಸ್ಥವಾಗಿರುವವರೆಗೆ ಅದು ಮಾಡುವುದನ್ನು ಯಾರೂ ಬಿಡಿಬಿಡಿಯಾಗಿ ಹೆಸರಿಸುವುದಿಲ್ಲ. ಕೈಗೆ ಪೆಟ್ಟಾದಾಗ, ಪಾರ್ಶ್ವವಾಯು ತಗುಲಿದಾಗ, ಮಗುವೊಂದು ತನ್ನ ವಯಸ್ಸಿನ ಇತರರಂತೆ ಗುಂಡಿ ಹಾಕಿಕೊಳ್ಳಲಾರದೆ ಹೋದಾಗ ಮಾತ್ರ ಹೀಗೆ ಹೆಸರಿಸಬೇಕಾದ ಅಗತ್ಯ ಒದಗುತ್ತದೆ. ಆ ಅಗತ್ಯದ ಮೇಲೆಯೇ ನಿಂತಿರುವ ಶಾಸ್ತ್ರ ಔದ್ಯೋಗಿಕ ಚಿಕಿತ್ಸೆ. ಈ ಚಿಕಿತ್ಸೆಯನ್ನು ನಡೆಸಲು ಬೇಕಾದ ಮೂಲ ತತ್ತ್ವಗಳಾವುವು, ಕೌಶಲಗಳಾವುವು, ಅವುಗಳಲ್ಲಿ ಭಾಷೆಯ ಪಾಲು ಎಷ್ಟು ಎಂಬುದನ್ನು ಪಶ್ಚಿಮ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಕಾರ್ಮಿಕರನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ಪ್ರಶ್ನೆ. ‘ಆಕ್ಯುಪೇಶನಲ್ ಥೆರಪಿ’ ಎಂಬುದಕ್ಕೆ ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ, ವೃತ್ತಿ ಚಿಕಿತ್ಸೆ ಎಂಬ ಎರಡು ರೂಪಗಳು ಬಳಕೆಯಲ್ಲಿವೆ. ಎರಡೂ ಸಾಮಾನ್ಯ ಓದುಗನನ್ನು ದಾರಿ ತಪ್ಪಿಸುತ್ತವೆ. ಇದು ಕಾರ್ಖಾನೆಯ ಕಾಯಿಲೆಗಳಿಗೆ ಕೊಡುವ ಚಿಕಿತ್ಸೆಯೆಂದೋ, ನೌಕರಿ ಕೊಡಿಸುವ ಯೋಜನೆಯೆಂದೋ ಕೇಳಿದವರು ಭಾವಿಸುತ್ತಾರೆ. ಇಂಗ್ಲಿಷಿನ ‘ಆಕ್ಯುಪೇಶನ್’ ಪದದ ಲ್ಯಾಟಿನ್ ಮೂಲಕ್ಕೆ ಹಿಡಿದುಕೊಳ್ಳು, ವಶಪಡಿಸಿಕೊಳ್ಳು ಎಂಬ ಅರ್ಥವಿದೆ. ಮನುಷ್ಯನ ಹೊತ್ತನ್ನೂ ಮನಸ್ಸನ್ನೂ ಹಿಡಿದಿಡುವ ಎಲ್ಲವೂ ಈ ಶಾಸ್ತ್ರದಲ್ಲಿ ‘ಆಕ್ಯುಪೇಶನ್’ ಎನಿಸಿಕೊಳ್ಳುತ್ತದೆ. ಹಲ್ಲುಜ್ಜುವುದು, ಊಟ ಮಾಡುವುದು, ಮಗುವಿಗೆ ಜಡೆ ಹಾಕುವುದು, ಪೂಜೆ, ಆಟ, ಸಂಬಳದ ದುಡಿಮೆ, ನಿದ್ರೆ ಕೂಡ ಇದರಲ್ಲಿ ಅಡಕ. ನಮ್ಮ ‘ಉದ್ಯೋಗ’ಕ್ಕೂ ಮೊದಲು ಇಷ್ಟು ಇಕ್ಕಟ್ಟಾದ ಅರ್ಥವಿರಲಿಲ್ಲ. ಭಾರತದ ಉದ್ಯೋಗಪರ್ವದಲ್ಲಿ ಯಾರೂ ನೌಕರಿ ಹುಡುಕುವುದಿಲ್ಲ. ಅಲ್ಲಿ ಅದಕ್ಕೆ ಪ್ರಯತ್ನ, ಸನ್ನಾಹ ಎಂಬ ಅರ್ಥ. ಆ ಹಳೆಯ ಅರ್ಥದಲ್ಲಿ ನೋಡಿದರೆ ಔದ್ಯೋಗಿಕ ಚಿಕಿತ್ಸೆ ಎಂಬುದು ಕೆಟ್ಟ ಅನುವಾದವೇನಲ್ಲ. ಅರ್ಥ ಕಿರಿದಾದ ಪದವೊಂದರ ಕೈಗೆ ಸಿಕ್ಕಿದ ಅನುವಾದ ಅಷ್ಟೆ. ಹಳೆಯ ಮೈಸೂರು ಭಾಗದ ಗ್ರಾಮ್ಯ ಬಳಕೆಯಲ್ಲಿ ‘ಮನೆ ಬದುಕು ಮಾಡು’ ಎಂದರೆ ಮನೆಗೆಲಸ ಮಾಡು ಎಂದರ್ಥ. ಬಾಳುವುದಕ್ಕೂ ಕೆಲಸಕ್ಕೂ ಒಂದೇ ಮಾತಾಗಿರುವ ‘ಬದುಕು’ ಈ ಶಾಸ್ತ್ರದ ತಿರುಳಿಗೆ ಬೇರೆಲ್ಲ ಪಾರಿಭಾಷಿಕಗಳಿಗಿಂತ ಹತ್ತಿರವಾಗಿದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಶಾಸ್ತ್ರದ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1796ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ವಿಲಿಯಂ ಟ್ಯೂಕ್ ತೆರೆದ ಆಶ್ರಯಧಾಮದಲ್ಲಿ ಮನೋರೋಗಿಗಳನ್ನು ಸಂಕೋಲೆಯಿಂದ ಬಿಡಿಸಿ ತೋಟ, ಹೊಲಿಗೆ ಮೊದಲಾದ ಕೆಲಸಗಳಲ್ಲಿ ತೊಡಗಿಸಿದ್ದು ಇದರ ಪೂರ್ವರಂಗ. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಇದಕ್ಕಾಗಿ ಒಂದು ಸಂಘ ಸ್ಥಾಪನೆಯಾಯಿತು. ಅದನ್ನು ಕರೆದವರಲ್ಲಿ ಒಬ್ಬನಾದ ಜಾರ್ಜ್ ಬಾರ್ಟನ್ ವೈದ್ಯನಲ್ಲ, ವಾಸ್ತುಶಿಲ್ಪಿ; ಸ್ವತಃ ಎಡಭಾಗದ ಪಾರ್ಶ್ವವಾಯುವಿನಿಂದ ಬಳಲಿದವನು. ಮೊದಲನೆಯ ಮಹಾಯುದ್ಧದಲ್ಲಿ ಅಂಗವಿಕಲರಾಗಿ ಮರಳಿದ ಸೈನಿಕರು ಈ ಚಿಕಿತ್ಸೆಗೆ ಆಸ್ಪತ್ರೆಗಳ ಬಾಗಿಲು ತೆರೆದರು. ಅಮೆರಿಕದಲ್ಲಿ ಹುಟ್ಟಿ ಭಾರತಕ್ಕೆ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಮೊದಲ ಶಾಲೆಯನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದಾಗಿತ್ತು. ಕರ್ನಾಟಕದಲ್ಲಿ ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಹಾಗೂ ನರಸಂಬಂಧಿ ಪುನರ್ವಸತಿಯ ಅಂಗವಾಗಿ ಇದು ನಡೆದುಬಂದಿದೆ. ದೇಶದ ಮಟ್ಟದಲ್ಲಿ ಈ ವೃತ್ತಿಗೆ ಶಾಸನಬದ್ಧ ಮನ್ನಣೆ ದೊರೆತದ್ದು ಸಹವರ್ತಿ ಆರೋಗ್ಯ ವೃತ್ತಿಗಳನ್ನು ಕುರಿತ 2021ರ ಕಾಯ್ದೆಯಿಂದ.

ಇನ್ನು ಕಾಮಾಕ್ಷಿಪಾಳ್ಯ. ಮಾಗಡಿ ರಸ್ತೆಗೆ ಅಂಟಿಕೊಂಡಂತೆ, ಬಸವೇಶ್ವರನಗರ ಮತ್ತು ಸುಂಕದಕಟ್ಟೆಗಳ ನೆರೆಯಲ್ಲಿರುವ ಈ ಬಡಾವಣೆ ಸಣ್ಣ ಕೈಗಾರಿಕೆಗಳ ನೆಲೆ. ಲೇತು, ಪವರ್ ಪ್ರೆಸ್ಸು, ಪ್ಲಾಸ್ಟಿಕ್ ಅಚ್ಚು, ಬಫಿಂಗು, ಪ್ಲೇಟಿಂಗು ಇಲ್ಲಿನ ಕೆಲಸಗಳು. ಕೆಳಗೆ ಯಂತ್ರ, ಮೇಲೆ ಬಾಡಿಗೆಯ ಮನೆ ಎನ್ನುವಂಥ ಕಟ್ಟಡಗಳೂ ಇವೆ. ಪವರ್ ಪ್ರೆಸ್ಸಿನಲ್ಲಿ ಕಾರ್ಮಿಕನು ತಗಡನ್ನು ಕೈಯಿಂದ ಡೈಯ ಮೇಲಿಡುತ್ತಾನೆ, ಕಾಲಿನಿಂದ ಪೆಡಲು ಒತ್ತುತ್ತಾನೆ, ಮೇಲಿನ ಭಾರ ಕೆಳಗಿಳಿದು ತಗಡನ್ನು ಕತ್ತರಿಸುತ್ತದೆ. ಕೈ ಮತ್ತು ಕಾಲುಗಳ ನಡುವಿನ ಲಯ ಒಂದು ಕ್ಷಣ ತಪ್ಪಿದರೂ ಬೆರಳು ಡೈಯಲ್ಲಿರುತ್ತದೆ. ಎರಡೂ ಕೈಗಳಿಂದ ಗುಂಡಿ ಒತ್ತಿದರೆ ಮಾತ್ರ ಯಂತ್ರ ನಡೆಯುವಂಥ ವ್ಯವಸ್ಥೆ, ಮುಂದೆ ತಡೆಜಾಲರಿ ಇವೆಲ್ಲ ಬಹಳ ಹಿಂದಿನಿಂದ ತಿಳಿದಿರುವ ಉಪಾಯಗಳು. ಪೀಸಿನ ಲೆಕ್ಕದಲ್ಲಿ ಕೂಲಿ ಸಿಗುವ ಕಡೆ ಜಾಲರಿ ವೇಗಕ್ಕೆ ಅಡ್ಡಿಯೆನಿಸಿ ಕಳಚಿ ಮೂಲೆಗೆ ಸೇರುತ್ತದೆ. ರಾಜಾಜಿನಗರದಲ್ಲಿ ಕಾರ್ಮಿಕರ ರಾಜ್ಯ ವಿಮಾ ನಿಗಮದ ಆಸ್ಪತ್ರೆಯಿದೆ. ಆದರೆ ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಘಟಕಗಳು ಸಾಮಾನ್ಯವಾಗಿ ಆ ವಿಮೆಯ ಕಡ್ಡಾಯ ವ್ಯಾಪ್ತಿಯ ಹೊರಗೇ ಉಳಿದಿವೆ.

ಕತ್ತರಿಸಿದ ಬೆರಳಿಗೆ ಕಾನೂನು ಬೆಲೆ ಕಟ್ಟಿದ ಬಗೆಯನ್ನು ನೋಡುವುದು ಇಲ್ಲಿ ಉಪಯುಕ್ತ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೊದಲನೆಯ ಅನುಸೂಚಿಯು, ನಂತರದ ತಿದ್ದುಪಡಿಗಳೊಡನೆ, ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 30, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರಬೆರಳು ಅಥವಾ ಕಿರುಬೆರಳಿಗೆ 7 ಎಂದು ನಷ್ಟವನ್ನು ನಿಗದಿಪಡಿಸಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಬಗೆಯ ಶೇಕಡಾ ಪಟ್ಟಿಯನ್ನು ಉಳಿಸಿಕೊಂಡಿದೆ. ಪರಿಹಾರದ ಲೆಕ್ಕಕ್ಕೆ ಇಂಥದೊಂದು ಪಟ್ಟಿ ಬೇಕೇ ಬೇಕು. ಇಲ್ಲವಾದರೆ ಪ್ರತಿಯೊಬ್ಬ ಕಾರ್ಮಿಕನೂ ತನ್ನ ಬೆರಳಿಗಾಗಿ ಚೌಕಾಸಿ ಮಾಡಬೇಕಾಗುತ್ತದೆ. ಆದರೆ ಪಟ್ಟಿಯು ಕೈಯನ್ನು ಅಂಗವಾಗಿ ಕಾಣುತ್ತದೆ, ಚಿಕಿತ್ಸಕನು ಅದನ್ನು ಕೆಲಸವಾಗಿ ಕಾಣಬೇಕಾಗುತ್ತದೆ. ಸುತ್ತಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿಯುವಾಗ ಹೆಚ್ಚಿನ ಭಾರ ಹೊರುವುದು ಪಟ್ಟಿಯಲ್ಲಿ ಕಡಿಮೆ ಬೆಲೆಯ ಉಂಗುರಬೆರಳು ಮತ್ತು ಕಿರುಬೆರಳುಗಳೇ. ಸೂಜಿಗೆ ದಾರ ಪೋಣಿಸುವವಳಿಗೆ ಅವು ಹೋದರೂ ಕೆಲಸ ನಡೆಯಬಹುದು, ಫಿಟ್ಟರಿಗೆ ನಡೆಯುವುದಿಲ್ಲ. ಒಂದೇ ಶೇಕಡಾ 7 ಇಬ್ಬರ ಬದುಕಿನಲ್ಲಿ ಎರಡು ಬೇರೆ ಬೇರೆ ಮೊತ್ತಗಳಾಗುತ್ತವೆ.

ಆದ್ದರಿಂದ ಈ ಚಿಕಿತ್ಸೆಯ ಮೊದಲ ತತ್ತ್ವ, ಚಿಕಿತ್ಸೆಯ ಗುರಿಯನ್ನು ನಿರ್ಧರಿಸುವವನು ಚಿಕಿತ್ಸಕನಲ್ಲ, ಚಿಕಿತ್ಸೆ ಪಡೆಯುವವನು ಎಂಬುದು. 1991ರಲ್ಲಿ ಕೆನಡಾದಲ್ಲಿ ಪ್ರಕಟವಾಗಿ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಮಾಪನ ಕ್ರಮ ಈ ತತ್ತ್ವವನ್ನೇ ವಿಧಾನವಾಗಿಸಿದೆ. ರೋಗಿಯು ತನಗೆ ಕಷ್ಟವಾಗಿರುವ ಕೆಲಸಗಳನ್ನು ತಾನೇ ಹೇಳಿ, ಅವುಗಳ ಮಹತ್ತ್ವಕ್ಕೆ, ಈಗ ತಾನು ಮಾಡುತ್ತಿರುವ ಬಗೆಗೆ, ಅದರಿಂದಾದ ತೃಪ್ತಿಗೆ 1ರಿಂದ 10ರವರೆಗೆ ಅಂಕ ಕೊಡುತ್ತಾನೆ. ಕೆಲವು ವಾರಗಳ ನಂತರ ಅವನೇ ಮತ್ತೆ ಅಂಕ ಕೊಡುತ್ತಾನೆ. ಕ್ರಮ ಸರಳವಾದದ್ದು, ಆದರೆ ಅದರ ಯಶಸ್ಸು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ‘ನಿಮ್ಮ ದೈನಂದಿನ ಚಟುವಟಿಕೆಗಳಲ್ಲಿ ಯಾವ ಸಮಸ್ಯೆಗಳಿವೆ?’ ಎಂಬ ಅನುವಾದಿತ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ‘ಕೈ ನೋವು, ಸಾರ್’ ಎಂಬುದಷ್ಟೆ. ಅದನ್ನೇ ‘ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ’ ಎಂದು ಕೇಳಿದರೆ ನಲ್ಲಿ ತಿರುಗಿಸುವುದು, ಕೊಡ ಎತ್ತುವುದು, ಅಂಗಿಯ ಗುಂಡಿ, ಚಪ್ಪಲಿ, ಬಸ್ಸಿನ ಕಂಬಿ ಎಲ್ಲವೂ ಹೊರಬರುತ್ತವೆ. ಜಾನಪದ ಕ್ಷೇತ್ರಕಾರ್ಯ ಮಾಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ವಕ್ತೃವಿನ ಬಾಯಿಯಿಂದ ಕಥೆ ಬರಲಿ ಎಂದು ಕಾಯುವ ತಾಳ್ಮೆಯೂ, ನಡುವೆ ಬಾಯಿ ಹಾಕದಿರುವ ಸಂಯಮವೂ ಇಲ್ಲಿ ಚಿಕಿತ್ಸಾ ಕೌಶಲಗಳೇ. ಹೀಗೆ ಹೇಳಿದ ಮಾತು ಮಾಲೀಕನ ಕಿವಿಗೆ ಬೀಳದಂತೆ ಕಾಯುವುದು ಅದರಷ್ಟೇ ಮುಖ್ಯವಾದ ಹೊಣೆ.

ಎರಡನೆಯದು ಕ್ರಿಯಾ ವಿಶ್ಲೇಷಣೆ. ಕೆಲಸವೊಂದನ್ನು ಅದರ ಬಿಡಿ ಚಲನೆಗಳಾಗಿ ಒಡೆದು, ಪ್ರತಿಯೊಂದಕ್ಕೂ ಯಾವ ಸ್ನಾಯು, ಯಾವ ಸ್ಪರ್ಶ, ಎಷ್ಟು ಗಮನ, ಯಾವ ಕ್ರಮ ಬೇಕೆಂದು ಗುರುತಿಸುವುದು ಈ ವೃತ್ತಿಯ ತೀರ ವಿಶಿಷ್ಟವಾದ ಕೌಶಲ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಚಮಚ, ಫೋರ್ಕುಗಳ ಊಟವನ್ನು ಉದಾಹರಿಸುತ್ತವೆ. ನಮ್ಮ ಕಾರ್ಮಿಕನ ಊಟ ರಾಗಿ ಮುದ್ದೆಯದು. ಅದನ್ನು ಹೀಗೆ ಬಿಡಿಸಬಹುದು. ಬೆರಳುಗಳನ್ನು ಸಾರಿನಲ್ಲಿ ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹಿಟ್ಟು ಅಂಟುತ್ತದೆ. ಹೆಬ್ಬೆರಳು ಮತ್ತು ಎದುರಿನ ಎರಡು ಮೂರು ಬೆರಳುಗಳಿಂದ ತುತ್ತನ್ನು ಮುರಿಯಬೇಕು. ಇದಕ್ಕೆ ಚಿವುಟುವ ಬಲ ಬೇಕು. ಮುರಿದದ್ದನ್ನು ಬೆರಳತುದಿಗಳಲ್ಲಿ ಉಂಡೆಯಾಗಿಸಬೇಕು; ಇದಕ್ಕೆ ಬೆರಳುಗಳು ಒಂದರ ಮೇಲೊಂದು ಜಾರುವ ನವಿರು ಬೇಕು. ಸಾರಿನಲ್ಲಿ ಹೊರಳಿಸಿ ಬಾಯಿಗೆ ಒಯ್ಯಲು ಮೊಣಕೈ ಸುಮಾರು 120 ಡಿಗ್ರಿಗೂ ಹೆಚ್ಚು ಮಡಚಬೇಕು, ಅಂಗೈ ಮುಖದತ್ತ ತಿರುಗಬೇಕು. ಮುದ್ದೆ ಬಿಸಿಯಾಗಿರುವುದರಿಂದ ಬೆರಳಿಗೆ ಬಿಸಿ ತಿಳಿಯಬೇಕು. ನರ ತುಂಡಾಗಿ ಸ್ಪರ್ಶ ಕಳೆದುಕೊಂಡ ಬೆರಳು ಸುಟ್ಟುಕೊಂಡರೂ ಹೇಳುವುದಿಲ್ಲ. ಅಗಿಯದೆ ನುಂಗುವ ಕ್ರಮವಾದ್ದರಿಂದ, ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕುಂದಿದವರ ವಿಷಯದಲ್ಲಿ ಇದೇ ಊಟ ಅಪಾಯವೂ ಆಗಬಹುದು. ಬಲಗೈ ಗಾಯಗೊಂಡವನಿಗೆ ‘ಎಡಗೈಯಲ್ಲಿ ತಿನ್ನಿ’ ಎಂದು ಸೂಚಿಸುವುದು ಅಂಗರಚನೆಯ ದೃಷ್ಟಿಯಿಂದ ಸುಲಭ. ಎಡಗೈಯನ್ನು ಶೌಚಕ್ಕೆ ಮೀಸಲಿಟ್ಟ ಸಂಸ್ಕೃತಿಯಲ್ಲಿ, ಪಂಕ್ತಿಯಲ್ಲಿ ಕುಳಿತ ಹತ್ತು ಜನರ ನಡುವೆ ಅದು ಸುಲಭವಲ್ಲ. ಅಂಥವನು ಮದುವೆಮನೆಗೆ ಹೋಗುವುದನ್ನೇ ಬಿಟ್ಟರೆ ಅದೂ ಚಿಕಿತ್ಸೆಯ ವಿಷಯವೇ ಆಗುತ್ತದೆ.

ಈ ಹಂತದಲ್ಲಿ ಕನ್ನಡದ ಒಂದು ಪದಗುಚ್ಛವನ್ನು ವಿಶೇಷವಾಗಿ ಗಮನಿಸಬೇಕು. ಕೈಯ ಹಿಡಿತಗಳನ್ನು 1956ರಲ್ಲಿ ಜಾನ್ ನೇಪಿಯರ್ ಎಂಬ ಅಂಗರಚನಾ ಶಾಸ್ತ್ರಜ್ಞ ಬಲದ ಹಿಡಿತ ಮತ್ತು ನಿಖರತೆಯ ಹಿಡಿತ ಎಂದು ಎರಡಾಗಿ ವಿಂಗಡಿಸಿದ. ಕೈಚಿಕಿತ್ಸೆಯ ಪಾಠಗಳಲ್ಲಿ ಆ ವಿಂಗಡಣೆ ಇಂದಿಗೂ ಅಡಿಪಾಯವಾಗಿದೆ. ನಮ್ಮ ಅಡುಗೆಮನೆಯ ಅಳತೆಗಳು ಈ ವ್ಯತ್ಯಾಸಗಳನ್ನು ತಮ್ಮದೇ ರೀತಿಯಲ್ಲಿ ಹೆಸರಿಸಿಕೊಂಡಿವೆ: ಚಿಟಿಕೆ, ಹಿಡಿ, ಸೆರೆ, ಬೊಗಸೆ, ಗೇಣು. ಇವನ್ನು ಅಳತೆಗಳೆಂದು ನಿಘಂಟು ಹೇಳುತ್ತದೆ. ಚಿಕಿತ್ಸಕನ ಕಣ್ಣಿಗೆ ಇವು ಕೈಯ ಭಂಗಿಗಳು. ಚಿಟಿಕೆ ಉಪ್ಪು ತೆಗೆಯಲು ಹೆಬ್ಬೆರಳು ಉಳಿದ ಬೆರಳುಗಳ ತುದಿಗೆ ಎದುರಾಗಿ ಬರಬೇಕು. ಹಿಡಿ ಅಕ್ಕಿಗೆ ಎಲ್ಲ ಬೆರಳುಗಳೂ ಅಂಗೈಗೆ ಮಡಚಬೇಕು. ಸೆರೆ ನೀರು ಹಿಡಿಯುವುದು ಇವೆರಡಕ್ಕಿಂತ ಸೂಕ್ಷ್ಮವಾದದ್ದು: ಅಂಗೈ ಕುಳಿಯಾಗಬೇಕು, ಬೆರಳುಗಳು ಸಂದಿಲ್ಲದಂತೆ ಒತ್ತಿ ಕೂಡಿರಬೇಕು. ಬೆರಳುಗಳನ್ನು ಹೀಗೆ ಕೂಡಿಸುವ ಒಳಸ್ನಾಯುಗಳನ್ನು ನಡೆಸುವುದು ಮೊಣಕೈಯ ಒಳಬದಿಯಿಂದ ಇಳಿದುಬರುವ ಅಲ್ನಾರ್ ನರ. ಅದು ಘಾಸಿಗೊಂಡವನ ಸೆರೆಯಿಂದ ನೀರು ಸೋರಿಹೋಗುತ್ತದೆ. ಗೇಣು ಹಾಕಲು ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಪೂರ್ತಿ ಹಿಗ್ಗಬೇಕು. ಗಾಯ ಮಾಯುವಾಗ ಆ ಜಾಗ ಬಿಗಿದುಕೊಂಡರೆ ಒಬ್ಬನದೇ ಎರಡು ಗೇಣುಗಳು ಸಮವಾಗುವುದಿಲ್ಲ. ಚಿಟಿಕೆ ಹಾಕಿ, ಹಿಡಿ ಮಾಡಿ, ಸೆರೆ ಹಿಡಿಯಿರಿ, ಗೇಣು ಹಾಕಿ ಎಂಬ ನಾಲ್ಕು ಮಾತುಗಳಲ್ಲಿ ಕೈಯ ಸ್ಥೂಲ ಪರೀಕ್ಷೆಯೊಂದು ಮುಗಿಯುತ್ತದೆ. ಓದುಬರಹ ಬಾರದವರಿಗೂ ಇದನ್ನು ವಿವರಿಸಬೇಕಾಗಿಲ್ಲ. ಕೋನಮಾಪಕ, ಹಿಡಿತಮಾಪಕಗಳು ಕೊಡುವ ಅಂಕಿಗಳಿಗೆ ಇದು ಬದಲಿಯಲ್ಲ. ಆ ಅಂಕಿಗಳಿಗೆ ರೋಗಿಯ ಭಾಷೆಯಲ್ಲಿ ಅರ್ಥ ಒದಗಿಸುವ ಸೇತುವೆಯಾಗಬಲ್ಲದು.

ಮೂರನೆಯದು ಶ್ರೇಣೀಕರಣ, ಅಂದರೆ ಕೆಲಸವನ್ನು ಸುಲಭದಿಂದ ಕಠಿಣಕ್ಕೆ ಅಳತೆಯಿಟ್ಟು ಏರಿಸುವುದು. ಮಡಚುವ ಸ್ನಾಯುವಿನ ತಂತು ತುಂಡಾಗಿ ಹೊಲಿಗೆ ಹಾಕಿಸಿಕೊಂಡ ಬೆರಳನ್ನು ತೆಗೆದುಕೊಳ್ಳೋಣ. ಅಲುಗಾಡಿಸದೆ ಬಿಟ್ಟರೆ ತಂತು ಸುತ್ತಲಿನ ಅಂಗಾಂಶಕ್ಕೆ ಅಂಟಿ ಬೆರಳು ಮರಗಟ್ಟುತ್ತದೆ. ಬಲವಾಗಿ ಅಲುಗಾಡಿಸಿದರೆ ಹೊಲಿಗೆ ಹರಿಯುತ್ತದೆ. ಈ ಇಕ್ಕಟ್ಟಿನ ನಡುವೆ, ಸುಮಾರು 65ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯಿಂದ ಕೈಯ ಹಿಂಬದಿಗೆ ಆಧಾರಪಟ್ಟಿಯನ್ನು ಅಚ್ಚು ಮಾಡಿ, ಅದರ ಮಿತಿಯೊಳಗೆ ಮೊದಲ ದಿನಗಳಿಂದಲೇ ನಿಯಂತ್ರಿತ ಚಲನೆ ಕೊಡಲಾಗುತ್ತದೆ. ಭಾರದ ಕೆಲಸಕ್ಕೆ ಸಾಮಾನ್ಯವಾಗಿ 12 ವಾರ ಕಾಯಬೇಕು. ದಿನಗೂಲಿಯವನಿಗೆ 12 ವಾರ ಎಂದರೆ ಮೂರು ತಿಂಗಳ ಬಾಡಿಗೆ. ಪಟ್ಟಿಯನ್ನು ನಾಲ್ಕನೆಯ ವಾರವೇ ಕಳಚಿಟ್ಟು ಯಂತ್ರದ ಮುಂದೆ ನಿಂತವನನ್ನು ಸೂಚನೆ ಪಾಲಿಸದ ರೋಗಿ ಎಂದು ಕಡತದಲ್ಲಿ ಬರೆಯುವುದು ಸುಲಭ. ಆದರೆ ಆ ಬರಹದಲ್ಲಿ ಬಾಡಿಗೆಯ ಮಾತು ಇರುವುದಿಲ್ಲ. ಕತ್ತರಿಸಿದ ಬೆರಳಿನ ಮೊಂಡುತುದಿ ಗಾಳಿ ಸೋಕಿದರೂ ನೋಯುವಷ್ಟು ಸೂಕ್ಷ್ಮವಾಗಿರುವುದುಂಟು. ಅದನ್ನು ಮೊದಲು ಹತ್ತಿಯಿಂದ, ನಂತರ ಒರಟು ಬಟ್ಟೆಯಿಂದ ಸವರಿ, ಆಮೇಲೆ ಕಾಳುಗಳೊಳಗೆ ಕೈಯಾಡಿಸುವ ಅಭ್ಯಾಸದಿಂದ ಹಂತಹಂತವಾಗಿ ಪಳಗಿಸುತ್ತಾರೆ. ರಾಗಿ, ಅಕ್ಕಿ, ಹೆಸರುಕಾಳು, ಕಡಲೆ ಎಂಬ ನುಣುಪಿನಿಂದ ಒರಟಿಗೆ ಸಾಗುವ ಕ್ರಮ ಯಾವ ಮನೆಯಲ್ಲೂ ಖರ್ಚಿಲ್ಲದೆ ಸಿಗುತ್ತದೆ.

ಮನುಷ್ಯನನ್ನು ಕೆಲಸಕ್ಕೆ ಹೊಂದಿಸಲಾಗದಿದ್ದರೆ ಕೆಲಸವನ್ನು ಮನುಷ್ಯನಿಗೆ ಹೊಂದಿಸಬೇಕು ಎಂಬುದು ಇನ್ನೊಂದು ತತ್ತ್ವ. ಸ್ಪ್ಯಾನರಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡುವುದು, ಕೊಡದ ಬದಲು ಅರ್ಧ ತುಂಬಿದ ಎರಡು ಬಕೆಟ್ಟು, ತಿರುಗಿಸುವ ನಲ್ಲಿಯ ಬದಲು ಒತ್ತುವ ಸನ್ನೆ, ಗುಂಡಿಯ ಜಾಗದಲ್ಲಿ ಅಂಟುಪಟ್ಟಿ ಇಂಥವು ಇದಕ್ಕೆ ಉದಾಹರಣೆಗಳು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ವರ್ಗೀಕರಣವು ಅಸಾಮರ್ಥ್ಯವನ್ನು ದೇಹದೊಳಗಿನ ಕೊರತೆಯಾಗಿ ಮಾತ್ರ ಕಾಣದೆ ದೇಹ ಮತ್ತು ಪರಿಸರಗಳ ನಡುವಿನ ಸಂಬಂಧವಾಗಿ ಕಂಡಿತು. ಜಾಲರಿಯಿಲ್ಲದ ಪ್ರೆಸ್ಸು ಆ ಅರ್ಥದಲ್ಲಿ ಪರಿಸರದ ಅಸಾಮರ್ಥ್ಯ. ಅದನ್ನು ಬದಲಿಸುವ ಅಧಿಕಾರ ಚಿಕಿತ್ಸಕನಿಗಿಲ್ಲ. ವಾಸಿಯಾದ ಕೈಯನ್ನು ಅದೇ ಯಂತ್ರಕ್ಕೆ ಮರಳಿ ಕಳುಹಿಸುವ ನೈತಿಕ ಬಿಕ್ಕಟ್ಟು ಮಾತ್ರ ಅವನ ಪಾಲಿಗೆ ಉಳಿಯುತ್ತದೆ.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಸಹಜವಾಗಿಯೇ ಕಾಯಕ ತತ್ತ್ವದತ್ತ ಒಲಿಯುತ್ತಾರೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯರಂಥವರು ತಮ್ಮ ಕೆಲಸವನ್ನೇ ಹೆಸರಾಗಿ ಹೊತ್ತ ಪರಂಪರೆಯಲ್ಲಿ ಕೆಲಸ ಕಳೆದುಕೊಂಡವನು ಹೆಸರನ್ನೂ ಕಳೆದುಕೊಳ್ಳುತ್ತಾನೆ ಎಂಬ ಅರಿವು ಈ ಚಿಕಿತ್ಸೆಗೆ ಬಹಳ ಹತ್ತಿರವಾದದ್ದು ನಿಜ. ಟರ್ನರು, ಫಿಟ್ಟರು, ವೆಲ್ಡರು ಎಂಬವೂ ಕಾಮಾಕ್ಷಿಪಾಳ್ಯದಲ್ಲಿ ಹೆಸರಿನ ಜೊತೆ ಸೇರುವ ಮಾತುಗಳೇ. ಆದರೂ ಈ ಸಮೀಕರಣವನ್ನು ಎಚ್ಚರದಿಂದ ಮಾಡಬೇಕು. ಕಾಯಕದ ಹಿಂದೆ ನೈತಿಕ ಆದರ್ಶವೊಂದಿದೆ. ಅದನ್ನು ಆಸ್ಪತ್ರೆಗೆ ತಂದರೆ ದುಡಿಯಲಾರದವನು ಆದರ್ಶದಿಂದ ಜಾರಿದವನೆಂಬ ಧ್ವನಿ ಹೊರಡಬಹುದು. ಈಗಾಗಲೇ ನಮ್ಮ ನುಡಿಗಟ್ಟು ಅವನ ವಿಷಯದಲ್ಲಿ ಕಠೋರವಾಗಿದೆ. ಕೈಗೂಡು, ಕೈಹಿಡಿ, ಕೈಸಾಗು ಎಂದು ಸಾಮರ್ಥ್ಯವನ್ನೆಲ್ಲ ಕೈಯಲ್ಲಿಟ್ಟ ಭಾಷೆ ‘ಕೈಲಾಗದವನು’ ಎಂಬ ಬೈಗುಳವನ್ನೂ ಇಟ್ಟುಕೊಂಡಿದೆ. ಬೆರಳು ಕಳೆದುಕೊಂಡವನಿಗೆ ಆ ಮಾತು ರೂಪಕವಾಗಿ ಕೇಳಿಸುವುದಿಲ್ಲ. ಔದ್ಯೋಗಿಕ ಚಿಕಿತ್ಸೆಯಲ್ಲಿ ದುಡಿಮೆಗೆ ಮರಳುವುದು ಒಂದು ಗುರಿ. ಮಗಳ ಜಡೆ ಹೆಣೆಯುವುದು, ಇಸ್ಪೀಟಿನ ಎಲೆಗಳನ್ನು ಬೀಸಣಿಗೆಯಂತೆ ಹಿಡಿಯುವುದು ಅದಕ್ಕೆ ಸಮನಾದ ಗುರಿಗಳೇ.

ಕಾಮಾಕ್ಷಿಪಾಳ್ಯದ ಯಂತ್ರಗಳ ಮುಂದೆ ಕನ್ನಡವೊಂದೇ ಇಲ್ಲ. ತಮಿಳು, ತೆಲುಗು, ಹಿಂದಿಗಳ ಜೊತೆಗೆ ಲೇತು, ಜಾಬು, ಸೆಟ್ಟಿಂಗು, ಬರ್ರು ಎಂಬ ಕಾರ್ಯಾಗಾರದ್ದೇ ಆದ ಮಿಶ್ರಭಾಷೆಯೊಂದಿದೆ. ವೃತ್ತಿಪದಕೋಶಗಳಲ್ಲಿ ಮಗ್ಗದ ಲಾಳಿಗೆ ಸಿಕ್ಕಿದ ಜಾಗ ಪ್ರೆಸ್ಸಿನ ಪೆಡಲಿಗೆ ಇನ್ನೂ ಸಿಕ್ಕಿಲ್ಲ. ಇಂಥ ಸಂಗ್ರಹಕ್ಕೆ ಯಾವುದಾದರೂ ವಿಭಾಗ ತೊಡಗುವುದಾದರೆ ನಾಮಪದಗಳಿಗಿಂತ ಮೊದಲು ಕ್ರಿಯಾಪದಗಳಿಂದ ಆರಂಭಿಸುವುದು ಒಳಿತು: ತಗಡನ್ನು ‘ಕೊಡುವುದು’, ಜಾಬನ್ನು ‘ಕಟ್ಟುವುದು’, ಬರ್ರನ್ನು ‘ಹೊಡೆಯುವುದು’, ನಟ್ಟನ್ನು ‘ಕಚ್ಚಿಸುವುದು’. ಇವುಗಳಲ್ಲಿ ಪ್ರತಿಯೊಂದಕ್ಕೂ ಯಾವ ಬೆರಳು ಎಲ್ಲಿರುತ್ತದೆ, ಇನ್ನೊಂದು ಕೈ ಏನು ಮಾಡುತ್ತಿರುತ್ತದೆ, ಕಾಲು ಯಾವಾಗ ಕೆಳಗಿಳಿಯುತ್ತದೆ ಎಂಬುದನ್ನು ಕಾರ್ಮಿಕನಿಂದಲೇ ಕೇಳಿ ಪದದ ಎದುರಿಗೆ ಬರೆದಿಟ್ಟರೆ, ಆ ಪುಟ ನಿಘಂಟುಕಾರನಿಗೆ ಸಲ್ಲುವಷ್ಟೇ ರಾಜಾಜಿನಗರದ ಆಸ್ಪತ್ರೆಯ ಚಿಕಿತ್ಸಕನ ಮೇಜಿಗೂ ಸಲ್ಲುತ್ತದೆ.